ಕೇಳುವ ತಾಯಿಗೆ ಉತ್ತರ ಹೇಳುವವರು ಯಾರು?

(ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಟ್ರಸ್ಟ್‌ನ ಆರೋಗ್ಯ ಸಮಿತಿಯ ಪರವಾಗಿ ಮಾಡಿದ ಭಾಷಣದ ಪಠ್ಯ)





ಈ ಬಾರಿಯ ವಿದ್ಯಾರ್ಥಿವೇತನದ ಪಟ್ಟಿಯನ್ನು ನೀವು ವರದಿಯ ಕೊನೆಯ ಪುಟಗಳಲ್ಲಿ ನೋಡುವಿರಿ. ಅದರಲ್ಲಿ ನರ್ಸಿಂಗ್ ಓದುವವರಿದ್ದಾರೆ, ಫಾರ್ಮಸಿ ಓದುವವರಿದ್ದಾರೆ, ಲ್ಯಾಬ್ ಟೆಕ್ನಿಷಿಯನ್ ಆಗಲಿರುವವರು, ವೈದ್ಯರಾಗಲಿರುವವರು ಇದ್ದಾರೆ. ಅವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು ಎಂಬುದು ಸಂತೋಷದ ಸಂಗತಿ. ಇಂದು ಆ ಮಕ್ಕಳ ಮುಂದೆ ಒಂದು ಕೆಲಸವನ್ನು, ದಾನಿಗಳ ಮುಂದೆ ಒಂದು ಬೇಡಿಕೆಯನ್ನು, ಪೋಷಕರ ಮುಂದೆ ಒಂದು ಭರವಸೆಯನ್ನು ಇಡಲು ನಮ್ಮ ಸಮಿತಿ ಈ ಸಮಯವನ್ನು ಕೇಳಿಕೊಂಡಿದೆ.

ವಿಷಯ ಗರ್ಭಕೊರಳಿನ ಕ್ಯಾನ್ಸರ್ ಮತ್ತು ಅದನ್ನು ತಡೆಯುವ ಎಚ್‌ಪಿವಿ ಲಸಿಕೆ. ಗಂಡಸರು ಹೆಂಗಸರು ಒಟ್ಟಿಗೆ ಕುಳಿತ ಸಭೆಯಲ್ಲಿ ಈ ಮಾತು ಎತ್ತುವ ರೂಢಿ ನಮ್ಮಲ್ಲಿಲ್ಲ. ಆದರೆ ಲೆಕ್ಕ ನೋಡಿದ ಮೇಲೆ ಸುಮ್ಮನಿರುವುದೂ ಸರಿಯಲ್ಲ. ಭಾರತದ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಬಿಟ್ಟರೆ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಇದೇ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರ ಒಂದೇ ವರ್ಷದಲ್ಲಿ ನಮ್ಮ ದೇಶದಲ್ಲಿ 1,27,000ಕ್ಕೂ ಹೆಚ್ಚು ಮಹಿಳೆಯರಿಗೆ ಹೊಸದಾಗಿ ಈ ರೋಗ ಬಂದಿದೆ, ಸುಮಾರು 80,000 ಮಂದಿ ತೀರಿಕೊಂಡಿದ್ದಾರೆ. ದಿನಕ್ಕೆ ಹಂಚಿದರೆ 200ಕ್ಕೂ ಹೆಚ್ಚು ಸಾವು. ಇವರಲ್ಲಿ ಹೆಚ್ಚಿನವರು ಮನೆಯನ್ನೂ ಮಕ್ಕಳನ್ನೂ ಹೊತ್ತು ನಿಂತಿರುವ ವಯಸ್ಸಿನವರು. ರೋಗ ಬೆಳೆದ ಮೇಲೆ ಚಿಕಿತ್ಸೆಗೆ ಎಷ್ಟು ಖರ್ಚಾಗುತ್ತದೆ ಎಂಬುದು ನಮ್ಮ ವೈದ್ಯಕೀಯ ನೆರವಿನ ಅರ್ಜಿಗಳನ್ನು ಓದುವ ಸದಸ್ಯರಿಗೆ ಗೊತ್ತು. ಒಡವೆ ಅಡವಿಡುತ್ತಾರೆ, ಆಮೇಲೆ ಮಗನ ಓದು ನಿಲ್ಲುತ್ತದೆ, ಅದಾದ ಮೇಲೆ ನಮ್ಮ ಬಾಗಿಲಿಗೆ ಬರುತ್ತಾರೆ.

ಈ ರೋಗದ ಕಾರಣ ಇಂದು ಸ್ಪಷ್ಟವಾಗಿ ತಿಳಿದಿದೆ. ಹೆಚ್ಚಿನ ಕ್ಯಾನ್ಸರ್‌ಗಳ ವಿಷಯದಲ್ಲಿ ಹೀಗೆ ಹೇಳಲಾಗದು. ಜರ್ಮನಿಯ ವಿಜ್ಞಾನಿ ಹೆರಾಲ್ಡ್ ಸುರ್ ಹೌಸೆನ್ ಅವರು 1980ರ ದಶಕದಲ್ಲಿ ಹ್ಯೂಮನ್ ಪ್ಯಾಪಿಲೋಮಾ ವೈರಸ್‌ನ 16 ಮತ್ತು 18ನೇ ಬಗೆಗಳನ್ನು ಈ ಕ್ಯಾನ್ಸರ್‌ನ ಗಡ್ಡೆಗಳಲ್ಲಿ ಗುರುತಿಸಿದರು. ಅದಕ್ಕಾಗಿ 2008ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಈ ವೈರಸ್‌ನಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ, ಅವುಗಳಲ್ಲಿ ಬಹುಪಾಲು ನಿರುಪದ್ರವಿ. ಗರ್ಭಕೊರಳಿನ ಕ್ಯಾನ್ಸರ್‌ಗಳಲ್ಲಿ ಶೇ 70ರಷ್ಟು ಬರುವುದು 16 ಮತ್ತು 18 ಎಂಬ ಎರಡೇ ಬಗೆಗಳಿಂದ. ದಾಂಪತ್ಯ ಜೀವನ ಆರಂಭಿಸಿದ ಬಹುತೇಕ ಎಲ್ಲರಿಗೂ ಒಂದಲ್ಲ ಒಂದು ಸಲ ಎಚ್‌ಪಿವಿ ತಗಲುತ್ತದೆ. ಹೆಚ್ಚಿನವರ ದೇಹ ಒಂದೆರಡು ವರ್ಷದಲ್ಲಿ ಅದನ್ನು ತಾನೇ ಹೊರಹಾಕುತ್ತದೆ. ಕೆಲವರಲ್ಲಿ ಅದು ಹಾಗೆಯೇ ಉಳಿದು, 15ರಿಂದ 20 ವರ್ಷಗಳಲ್ಲಿ ಕ್ಯಾನ್ಸರ್ ಆಗುತ್ತದೆ. ಈ ದೀರ್ಘ ಅವಧಿಯಲ್ಲಿ ತಡೆಯಲು ನಮಗೆ ಎರಡು ಅವಕಾಶಗಳಿವೆ. ವೈರಸ್ ತಗಲುವ ಮೊದಲೇ ಹುಡುಗಿಯರಿಗೆ ಲಸಿಕೆ ಹಾಕಿಸುವುದು ಮೊದಲನೆಯದು. 30 ದಾಟಿದ ಮಹಿಳೆಯರು ತಪಾಸಣೆ ಮಾಡಿಸಿಕೊಳ್ಳುವುದು ಎರಡನೆಯದು.

ಲಸಿಕೆಯ ವಿಚಾರ ಹೇಳುತ್ತೇವೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಇಯಾನ್ ಫ್ರೇಜರ್ ಮತ್ತು ಜಿಯಾನ್ ಝೌ ಅವರು ವೈರಸ್‌ನ ಹೊರಕವಚದಂತೆಯೇ ಕಾಣುವ, ಆದರೆ ಒಳಗೆ ವೈರಸ್‌ನ ತಿರುಳೇ ಇಲ್ಲದ ಕಣಗಳನ್ನು ತಯಾರಿಸುವ ದಾರಿ ಕಂಡುಹಿಡಿದರು. ಜೀವಂತ ವೈರಸ್ ಇಲ್ಲದ್ದರಿಂದ ಲಸಿಕೆಯಿಂದ ರೋಗ ಬರಲು ಸಾಧ್ಯವಿಲ್ಲ. ಮೊದಲ ಲಸಿಕೆಗೆ 2006ರಲ್ಲಿ ಪರವಾನಗಿ ಸಿಕ್ಕಿತು. ಭಾರತದಲ್ಲೇ ತಯಾರಾದ ಸರ್ವಾವ್ಯಾಕ್ ಲಸಿಕೆಗೆ ಔಷಧ ನಿಯಂತ್ರಕರ ಅನುಮತಿ ದೊರೆತದ್ದು 2022ರಲ್ಲಿ. ಅದನ್ನು ತಯಾರಿಸುವುದು ಪುಣೆಯ ಸೀರಂ ಇನ್‌ಸ್ಟಿಟ್ಯೂಟ್.

ಇಷ್ಟು ವರ್ಷಗಳಲ್ಲಿ ಫಲ ಏನು ಎಂದು ನೀವು ಕೇಳಬಹುದು. ಸ್ವೀಡನ್ನಿನಲ್ಲಿ ಲಕ್ಷಾಂತರ ಹೆಣ್ಣುಮಕ್ಕಳ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. 17 ವರ್ಷದೊಳಗೆ ಲಸಿಕೆ ಪಡೆದವರಲ್ಲಿ ಈ ಕ್ಯಾನ್ಸರ್ ಶೇ 88ರಷ್ಟು ಕಡಿಮೆಯಾಗಿತ್ತು. ಸ್ಕಾಟ್ಲೆಂಡಿನಲ್ಲಿ ಶಾಲೆಗಳಲ್ಲಿ ಲಸಿಕೆ ಆರಂಭವಾದದ್ದು 2008ರಲ್ಲಿ. 12–13ನೇ ವಯಸ್ಸಿನಲ್ಲಿ ಲಸಿಕೆ ಪಡೆದವರಲ್ಲಿ ಒಂದೇ ಒಂದು ಗರ್ಭಕೊರಳಿನ ಕ್ಯಾನ್ಸರ್ ಕೂಡ ಕಂಡುಬಂದಿಲ್ಲ ಎಂದು ಅಲ್ಲಿನ ಸಂಶೋಧಕರು 2024ರಲ್ಲಿ ವರದಿ ಮಾಡಿದರು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಎಲ್ಲ ದೇಶಗಳ ಮುಂದಿಟ್ಟ ಗುರಿ ಹೀಗಿದೆ: 2030ರೊಳಗೆ ಶೇ 90ರಷ್ಟು ಹುಡುಗಿಯರಿಗೆ 15 ವರ್ಷದೊಳಗೆ ಲಸಿಕೆ, ಶೇ 70ರಷ್ಟು ಮಹಿಳೆಯರಿಗೆ 35 ಮತ್ತು 45ನೇ ವಯಸ್ಸಿನೊಳಗೆ ತಪಾಸಣೆ, ರೋಗ ಕಂಡವರಲ್ಲಿ ಶೇ 90ರಷ್ಟು ಮಂದಿಗೆ ಚಿಕಿತ್ಸೆ.

ಔಷಧ ಇದೆ, ಪುರಾವೆಯೂ ಇದೆ. ಹಾಗಿದ್ದ ಮೇಲೆ ನರ್ಸಿಂಗ್ ಓದುವ ಮಕ್ಕಳಿಗೆ ನಾವೇನು ಹೇಳಬೇಕಾಗಿದೆ? ಇದಕ್ಕೆ ಜಪಾನಿನ ಉದಾಹರಣೆ ಕೊಡುತ್ತೇವೆ.

ಜಪಾನ್ ಸರ್ಕಾರ 2013ರ ಏಪ್ರಿಲ್‌ನಲ್ಲಿ ಈ ಲಸಿಕೆಯನ್ನು ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು. ಕೆಲವು ಹುಡುಗಿಯರಿಗೆ ತೊಂದರೆಯಾಯಿತು ಎಂಬ ಸುದ್ದಿ ಟಿವಿಯಲ್ಲಿ, ಪತ್ರಿಕೆಗಳಲ್ಲಿ ಬಂತು. ಎರಡೇ ತಿಂಗಳಲ್ಲಿ, ಜೂನ್‌ನಲ್ಲಿ, ಸರ್ಕಾರ ಲಸಿಕೆಯನ್ನು ಮುಂದಾಗಿ ಶಿಫಾರಸು ಮಾಡುವುದನ್ನು ನಿಲ್ಲಿಸಿತು. ಗಮನಿಸಿ, ಲಸಿಕೆಯನ್ನು ನಿಷೇಧಿಸಲಿಲ್ಲ. ಕೇಳಿದವರಿಗೆ ಉಚಿತವಾಗಿಯೇ ಸಿಗುತ್ತಿತ್ತು. 'ಹಾಕಿಸಿ' ಎಂದು ಹೇಳುವ ಬಾಯಿ ಮಾತ್ರ ಮುಚ್ಚಿತು. ಮೊದಲು ಶೇ 70ರ ಆಸುಪಾಸಿನಲ್ಲಿದ್ದ ಲಸಿಕೆ ಪ್ರಮಾಣ ಶೇ 1ಕ್ಕಿಂತ ಕೆಳಗಿಳಿಯಿತು. ಸುದ್ದಿಯಾಗಿದ್ದ ತೊಂದರೆಗಳಿಗೂ ಲಸಿಕೆಗೂ ಸಂಬಂಧ ಕಾಣುವುದಿಲ್ಲ ಎಂದು ಆಮೇಲಿನ ಅಧ್ಯಯನಗಳು ಹೇಳಿದವು. ಶಿಫಾರಸು ಮತ್ತೆ ಆರಂಭವಾದದ್ದು 2022ರ ಏಪ್ರಿಲ್‌ನಲ್ಲಿ. ನಡುವಿನ ಒಂಬತ್ತು ವರ್ಷಗಳಲ್ಲಿ ಒಂದು ಇಡೀ ತಲೆಮಾರಿನ ಹುಡುಗಿಯರು ಲಸಿಕೆಯಿಲ್ಲದೆ ದೊಡ್ಡವರಾದರು.

ಲಸಿಕೆ ಪೆಟ್ಟಿಗೆಯಲ್ಲಿದ್ದರೆ ಸಾಲದು, ನಂಬಿಕೆಗೆ ಪಾತ್ರರಾದ ಒಬ್ಬರು ಎದುರು ನಿಂತು ಹೇಳಬೇಕು. ನಮ್ಮ ಮೊಹಲ್ಲಾಗಳಲ್ಲಿ ಆ ಒಬ್ಬರು ಯಾರು? ದೊಡ್ಡಾಸ್ಪತ್ರೆಯ ತಜ್ಞರ ಬಳಿಗೆ ನಮ್ಮ ತಾಯಂದಿರು ಹೋಗುವುದು ಕಾಯಿಲೆ ಬಿದ್ದ ಮೇಲೆ. ಅದಕ್ಕೆ ಮೊದಲು ಅವರು ಕೇಳುವುದು ಆಶಾ ಕಾರ್ಯಕರ್ತೆಯನ್ನು, ಮೆಡಿಕಲ್ ಶಾಪಿನಲ್ಲಿ ನಿಂತ ಹುಡುಗನನ್ನು, ಪಕ್ಕದ ಮನೆಯ ನರ್ಸಿಂಗ್ ಓದುವ ಹುಡುಗಿಯನ್ನು. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಈದ್ ದಿನ ಅಡುಗೆ ಮನೆಯಲ್ಲಿ ಕೇಳುತ್ತಾರೆ: 'ಏನಮ್ಮಾ, ನೀನು ನರ್ಸಿಂಗ್ ಓದುತ್ತೀಯಲ್ಲ, ಹೆಣ್ಣುಮಕ್ಕಳಿಗೆ ಅದೇನೋ ಇಂಜೆಕ್ಷನ್ ಬಂದಿದೆಯಂತೆ, ಒಳ್ಳೆಯದಾ?' ಆಗ ನಮ್ಮ ಹುಡುಗಿ ತಲೆತಗ್ಗಿಸಿ 'ಗೊತ್ತಿಲ್ಲ ಮಾಮಿ' ಎಂದರೆ ಆ ಮನೆಯ ಮಟ್ಟಿಗೆ ಜಪಾನಿನ ಕತೆಯೇ ಆಯಿತು.

ಹಾಗಾಗಿ ಈಗ ಆರೋಗ್ಯ ಕೋರ್ಸ್‌ಗಳ ಮಕ್ಕಳ ಕಡೆ ತಿರುಗಿ ಮಾತಾಡುತ್ತೇವೆ. ಪೋಷಕರೂ ಕೇಳಿಸಿಕೊಳ್ಳಿ, ಏಕೆಂದರೆ ಇವು ನಿಮ್ಮದೇ ಪ್ರಶ್ನೆಗಳು.

ಮೊದಲನೆಯದು, ಹೇಳುವ ರೀತಿ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಕ್ಲಿನಿಕ್‌ಗಳ ಸಿಬ್ಬಂದಿಗೆ ಎರಡು ಬಗೆಯ ತರಬೇತಿ ಕೊಟ್ಟು ಹೋಲಿಸಿ ನೋಡಿದರು. ಒಂದು ಗುಂಪು ಪೋಷಕರ ಜೊತೆ ಮುಕ್ತ ಚರ್ಚೆಯಿಂದ ಆರಂಭಿಸಬೇಕಿತ್ತು. ಇನ್ನೊಂದು ಗುಂಪು 'ನಿಮ್ಮ ಮಗುವಿಗೆ ಈಗ ಈ ವಯಸ್ಸಿನ ಲಸಿಕೆಗಳನ್ನು ಹಾಕುವ ಸಮಯ' ಎಂದು ನೇರವಾಗಿ ಹೇಳಿ, ಅನುಮಾನ ಇದ್ದವರ ಜೊತೆ ಕೂತು ಮಾತಾಡಬೇಕಿತ್ತು. 2017ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಲಸಿಕೆ ಹೆಚ್ಚಿದ್ದು ನೇರವಾಗಿ ಹೇಳಿದ ಗುಂಪಿನಲ್ಲಿ. ಇದರ ಅರ್ಥ ದಬಾಯಿಸಬೇಕು ಎಂದಲ್ಲ. ಹೇಳುವವರೇ ತಡವರಿಸಿದರೆ ಕೇಳುವವರಿಗೆ ಧೈರ್ಯ ಬರುವುದಿಲ್ಲ. 'ಹತ್ತು ವರ್ಷವಾಯಿತಲ್ಲ, ಟಿಡಿ ಲಸಿಕೆ ಹಾಕಿಸುತ್ತೀರಲ್ಲ, ಹಾಗೆಯೇ ಇದೂ ಒಂದು. ಮುಂದೆ ಗರ್ಭಕೊರಳಿನ ಕ್ಯಾನ್ಸರ್ ಬಾರದಂತೆ ತಡೆಯುತ್ತದೆ. ನಿಮಗೆ ಏನಾದರೂ ಕೇಳಬೇಕಿದೆಯೇ?' ಇಷ್ಟು ಸಾಕು. ಕೊನೆಯ ಆ ಪ್ರಶ್ನೆಯನ್ನು ಮಾತ್ರ ಬಿಡಬೇಡಿ. ಮತ್ತು ಉತ್ತರ ಬರುವ ತನಕ ಕಾಯಿರಿ.

ಎರಡನೆಯದು, ಕೇಳಿಬರುವ ಪ್ರಶ್ನೆಗಳು.

'ಇಷ್ಟು ಚಿಕ್ಕ ಮಗುವಿಗೆ ಈಗಲೇ ಯಾಕೆ?' ಲಸಿಕೆ ತಡೆಯುತ್ತದೆಯೇ ಹೊರತು ಈಗಾಗಲೇ ತಗಲಿದ ವೈರಸ್ಸನ್ನು ವಾಸಿಮಾಡುವುದಿಲ್ಲ. ಆದ್ದರಿಂದ ಮದುವೆಗೆ ಬಹಳ ಮೊದಲೇ ಹಾಕಿಸಬೇಕು. 9ರಿಂದ 14ರ ವಯಸ್ಸಿನಲ್ಲಿ ದೇಹ ಹೆಚ್ಚು ಬಲವಾದ ಪ್ರತಿರೋಧ ಬೆಳೆಸಿಕೊಳ್ಳುತ್ತದೆ, ಹೀಗಾಗಿ ಕಡಿಮೆ ಡೋಸ್ ಸಾಕಾಗುತ್ತದೆ.

'ನಾವು ಮರ್ಯಾದೆಯಿಂದ ಬಾಳುವವರು, ನಮಗೆ ಇದೆಲ್ಲ ಯಾಕೆ?' ಈ ಪ್ರಶ್ನೆ ಬಾಯಿಬಿಟ್ಟು ಬರುವುದು ಕಡಿಮೆ, ಮನಸ್ಸಿನಲ್ಲಿ ಮಾತ್ರ ಇದ್ದೇ ಇರುತ್ತದೆ. ಉತ್ತರ ಕೊಡುವಾಗ ನಿಮ್ಮ ಮಾತು ಮೃದುವಾಗಿರಲಿ. ಇದು ನಡತೆಯನ್ನು ಅಳೆಯುವ ರೋಗವಲ್ಲ. ಜೀವನವಿಡೀ ಒಬ್ಬರನ್ನೇ ಮದುವೆಯಾಗಿ ಬಾಳಿದ ಹೆಂಗಸಿಗೂ ಈ ವೈರಸ್ ತಗಲಬಹುದು, ಕ್ಯಾನ್ಸರ್ ಬರಬಹುದು. ಈ ರೋಗ ಬಂದ ಹೆಂಗಸನ್ನು ಅನುಮಾನದ ಕಣ್ಣಿನಿಂದ ನೋಡುವುದು ದೊಡ್ಡ ಅನ್ಯಾಯ, ವೈದ್ಯಕೀಯವಾಗಿಯೂ ತಪ್ಪು. ನಾಚಿಕೆಯಿಂದ ಲಕ್ಷಣಗಳನ್ನು ಮುಚ್ಚಿಟ್ಟು ತಡವಾಗಿ ಬರುವವರ ಸಂಕಟಕ್ಕೆ ಈ ಅನುಮಾನವೇ ಒಂದು ಕಾರಣ.

'ಮಕ್ಕಳಾಗದಂತೆ ಮಾಡುತ್ತದಂತೆ?' ಪ್ರತಿ ಲಸಿಕೆಯ ಬೆನ್ನಿಗೂ ಈ ಗಾಳಿಮಾತು ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಲಸಿಕೆ ಸುರಕ್ಷತಾ ಸಮಿತಿ 2017ರಲ್ಲಿ ಪರಿಶೀಲಿಸುವ ಹೊತ್ತಿಗೆ ಜಗತ್ತಿನಲ್ಲಿ 27 ಕೋಟಿಗೂ ಹೆಚ್ಚು ಡೋಸ್‌ಗಳು ವಿತರಣೆಯಾಗಿದ್ದವು. ಲಸಿಕೆ ಅತ್ಯಂತ ಸುರಕ್ಷಿತ ಎಂಬುದೇ ಸಮಿತಿಯ ನಿಲುವು. ಲಸಿಕೆಯಿಂದ ಬಂಜೆತನ ಬರುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ನಿಜವಾಗಿ ಗರ್ಭಕೋಶ ತೆಗೆಸಬೇಕಾದ ಸ್ಥಿತಿ ತರುವುದು ಕ್ಯಾನ್ಸರ್. ಅದನ್ನು ತಡೆಯುವುದು ತಾಯ್ತನವನ್ನು ಕಾಪಾಡಿದಂತೆ.

'ಇದು ನಮ್ಮವರಿಗೆಂದೇ ತಂದದ್ದಲ್ಲವೇ?' ಅಬುಧಾಬಿಯಲ್ಲಿ 2008ರಿಂದಲೇ ಶಾಲೆಗಳಲ್ಲಿ ಈ ಲಸಿಕೆ ಕೊಡುತ್ತಿದ್ದಾರೆ. ಮಲೇಷ್ಯಾದಲ್ಲಿ 2010ರಿಂದ ಇದು ಶಾಲಾ ಕಾರ್ಯಕ್ರಮದ ಭಾಗ. ಬಾಂಗ್ಲಾದೇಶ 2023ರಲ್ಲಿ ಆರಂಭಿಸಿತು. ನಮ್ಮ ಊರಿನವರು ಎಷ್ಟೋ ಮಂದಿ ಗಲ್ಫ್‌ನಲ್ಲಿದ್ದಾರೆ. ಅಲ್ಲಿ ಓದುವ ಮಕ್ಕಳ ತಾಯಂದಿರನ್ನು ಫೋನಿನಲ್ಲಿ ಕೇಳಿ ನೋಡಿ.

'ಇದರಲ್ಲಿ ಏನೇನಿದೆ, ಹಲಾಲ್ ಹೌದೇ?' ಈ ಪ್ರಶ್ನೆಯನ್ನು ಕೇಳುವ ಹಕ್ಕು ಪ್ರತಿ ತಂದೆ ತಾಯಿಗೂ ಇದೆ. ಕೇಳಿದವರನ್ನು ನಗೆಯಾಡಬೇಡಿ. ನಮ್ಮಲ್ಲಿ ಹೆಚ್ಚಾಗಿ ಬಳಸುವ ಲಸಿಕೆಗಳಲ್ಲಿ ಕಣಗಳನ್ನು ಬೆಳೆಸುವುದು ಯೀಸ್ಟ್‌ನಲ್ಲಿ, ಅಂದರೆ ಬ್ರೆಡ್ಡಿನ ಹಿಟ್ಟು ಉಬ್ಬಿಸುವ ಜಾತಿಯ ಸೂಕ್ಷ್ಮಜೀವಿಯಲ್ಲಿ. ಪೆಟ್ಟಿಗೆಯೊಳಗೆ ಮಡಚಿಟ್ಟ ಮಾಹಿತಿ ಚೀಟಿಯಲ್ಲಿ ಒಳಗಿರುವ ಪ್ರತಿ ಪದಾರ್ಥದ ಹೆಸರೂ ಇರುತ್ತದೆ. ಅದನ್ನು ಬಿಡಿಸಿ ಓದಿ ಹೇಳಿ. ಆಮೇಲೂ ಧಾರ್ಮಿಕ ಸಂದೇಹ ಉಳಿದರೆ ಅವರು ನಂಬುವ ಉಲಮಾಗಳ ಬಳಿ ಆ ಚೀಟಿಯನ್ನೇ ಕೊಂಡೊಯ್ದು ಕೇಳಲು ಹೇಳಿ. ಫತ್ವಾ ಕೊಡುವುದು ನರ್ಸ್ ಕೆಲಸವಲ್ಲ, ಡೋಸ್ ಹೇಳುವುದು ಖತೀಬರ ಕೆಲಸವಲ್ಲ. ಇಬ್ಬರೂ ತಮ್ಮ ತಮ್ಮ ಕಡೆಯ ಮಾತನ್ನು ಸರಿಯಾಗಿ ಹೇಳಿದರೆ ಮನೆಯವರಿಗೆ ದಾರಿ ಕಾಣುತ್ತದೆ.

'ನೋವಾಗುತ್ತದೆಯೇ, ಜ್ವರ ಬರುತ್ತದೆಯೇ?' ಮುಚ್ಚಿಡದೆ ಹೇಳಿ. ತೋಳು ನೋಯುತ್ತದೆ, ಸ್ವಲ್ಪ ಊದಬಹುದು, ತಲೆನೋವು, ಸಣ್ಣ ಜ್ವರ ಬರಬಹುದು. ಒಂದೆರಡು ದಿನದಲ್ಲಿ ಹೋಗುತ್ತದೆ. ಈ ವಯಸ್ಸಿನ ಮಕ್ಕಳಿಗೆ ಯಾವುದೇ ಇಂಜೆಕ್ಷನ್ ಕೊಟ್ಟಾಗಲೂ ತಲೆತಿರುಗಿ ಬೀಳುವುದುಂಟು. ಹಾಗಾಗಿ ಕೂರಿಸಿಯೇ ಕೊಡಬೇಕು, ಕೊಟ್ಟ ಮೇಲೆ 15 ನಿಮಿಷ ಕೂರಿಸಿಕೊಳ್ಳಬೇಕು. ಮಗು ತಿಂಡಿ ತಿಂದು ಬಂದಿದೆಯೇ ಎಂದು ಕೇಳಿಕೊಳ್ಳಿ. ರಂಝಾನ್‌ನಲ್ಲಿ ಉಪವಾಸವಿರುವ ಮಗುವಿಗೆ ಈದ್ ಮುಗಿದ ಮೇಲಿನ ದಿನ ಕೊಟ್ಟರಾಯಿತು. ತೀವ್ರ ಅಲರ್ಜಿ ಅಪರೂಪ. ಅಪರೂಪವೆಂದು ಅಡ್ರಿನಲಿನ್ ಇಲ್ಲದೆ ಲಸಿಕೆ ಹಾಕಲು ಕೂರಬಾರದು. ಯೀಸ್ಟ್‌ಗೆ ಅಥವಾ ಹಿಂದಿನ ಡೋಸ್‌ಗೆ ತೀವ್ರ ಅಲರ್ಜಿ ಆಗಿದ್ದವರಿಗೆ ಕೊಡಬಾರದು. ಗರ್ಭಿಣಿಯರಿಗೆ ಹೆರಿಗೆಯಾಗುವ ತನಕ ಮುಂದೂಡಬೇಕು. ಜೋರು ಜ್ವರವಿದ್ದರೆ ಇಳಿದ ಮೇಲೆ ಕೊಡಬೇಕು. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು, ಹೆಪ್ಪುಗಟ್ಟಿದ್ದನ್ನು ಬಳಸಬಾರದು. ತೊಂದರೆ ಏನೇ ಕಂಡರೂ, ಲಸಿಕೆಯಿಂದ ಅಲ್ಲ ಎಂದು ನಿಮಗೆ ಅನಿಸಿದರೂ, ದಾಖಲಿಸಿ ಮೇಲಿನವರಿಗೆ ವರದಿ ಮಾಡಬೇಕು.

'ಎಷ್ಟು ಡೋಸ್?' ಇಲ್ಲಿ ನೆನಪಿನಿಂದ ಉತ್ತರಿಸಬೇಡಿ. 15ರೊಳಗಿನವರಿಗೆ ಆರು ತಿಂಗಳ ಅಂತರದಲ್ಲಿ ಎರಡು, ಅದಕ್ಕೆ ಮೇಲ್ಪಟ್ಟವರಿಗೆ ಮೂರು ಎಂಬುದು ನಮ್ಮಲ್ಲಿ ಮಕ್ಕಳ ವೈದ್ಯರು ಅನುಸರಿಸುತ್ತ ಬಂದಿರುವ ಪಟ್ಟಿ. ವಿಶ್ವ ಆರೋಗ್ಯ ಸಂಸ್ಥೆ 2022ರ ಡಿಸೆಂಬರ್‌ನಲ್ಲಿ 9ರಿಂದ 20 ವರ್ಷದ ಹೆಣ್ಣುಮಕ್ಕಳಿಗೆ ಒಂದು ಅಥವಾ ಎರಡು ಡೋಸ್, 21 ದಾಟಿದವರಿಗೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್ ಎಂದು ಹೇಳಿತು. ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಕನಿಷ್ಠ ಎರಡು, ಸಾಧ್ಯವಾದರೆ ಮೂರು ಎಂದೂ ಹೇಳಿತು. ಸರ್ಕಾರಿ ಕಾರ್ಯಕ್ರಮದಲ್ಲಿ ಏನು ನಿಯಮ ಎಂಬುದನ್ನು ಆಯಾ ಕಾಲದ ಸುತ್ತೋಲೆ ನೋಡಿಯೇ ಹೇಳಬೇಕು. 'ತಿಳಿದುಕೊಂಡು ನಾಳೆ ಹೇಳುತ್ತೇನೆ' ಎಂದು ಹೇಳಿ, ನಾಳೆ ಹೋಗಿ ಹೇಳುವ ನರ್ಸನ್ನು ಜನ ನಂಬುತ್ತಾರೆ.

ಈಗ ಮೂರನೆಯ ವಿಷಯ. ಇದೇ ನಮ್ಮ ಸಮಿತಿಯಲ್ಲಿ ಅತಿ ಹೆಚ್ಚು ಚರ್ಚೆಯಾದದ್ದು.

ಒಳ್ಳೆಯ ಮನಸ್ಸಿನ ಕೆಲವು ದಾನಿಗಳು ಒಂದು ಸಲಹೆ ಕೊಟ್ಟರು. ಹೆಣ್ಣುಮಕ್ಕಳ ವಿದ್ಯಾರ್ಥಿವೇತನದ ಅರ್ಜಿಗೆ ಲಸಿಕೆಯ ಕಾರ್ಡ್ ಲಗತ್ತಿಸಬೇಕೆಂದು ನಿಯಮ ಮಾಡಿ, ಎಲ್ಲರೂ ಹಾಕಿಸಿಕೊಳ್ಳುತ್ತಾರೆ ಎಂದರು. ಅವರ ಕಾಳಜಿಗೆ ನಾವು ಕೃತಜ್ಞರು. ಆದರೆ ಸಮಿತಿ ಈ ಸಲಹೆಯನ್ನು ಒಪ್ಪಲಿಲ್ಲ. ಕಾರಣವನ್ನು ಎಲ್ಲರ ಮುಂದೆ ಹೇಳುವುದು ನಮ್ಮ ಕರ್ತವ್ಯ.

2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ಮತ್ತು ಗುಜರಾತಿನ ವಡೋದರಾ ಜಿಲ್ಲೆಯಲ್ಲಿ ಸಾವಿರಾರು ಹುಡುಗಿಯರಿಗೆ ಪ್ರಾಯೋಗಿಕ ಯೋಜನೆಯಡಿ ಎಚ್‌ಪಿವಿ ಲಸಿಕೆ ಹಾಕಲಾಯಿತು. ಅವರಲ್ಲಿ ಹಲವರು ಬುಡಕಟ್ಟು ಕುಟುಂಬಗಳ ಮಕ್ಕಳು, ಹಾಸ್ಟೆಲ್‌ನಲ್ಲಿದ್ದವರು. ಏಳು ಹುಡುಗಿಯರ ಸಾವಿನ ಸುದ್ದಿ ಬಂತು, 2010ರ ಏಪ್ರಿಲ್‌ನಲ್ಲಿ ಯೋಜನೆ ನಿಂತಿತು. ಸಾವುಗಳಿಗೆ ಲಸಿಕೆ ಕಾರಣವಲ್ಲ ಎಂದೇ ತನಿಖೆ ಹೇಳಿತು. ಆದರೆ ಒಪ್ಪಿಗೆ ಪತ್ರಗಳನ್ನು ತೆರೆದು ನೋಡಿದಾಗ ತಂದೆ ತಾಯಿಯ ಬದಲು ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದ ಪತ್ರಗಳು ರಾಶಿ ರಾಶಿ ಸಿಕ್ಕವು. ಸಂಸತ್ತಿನ ಸ್ಥಾಯಿ ಸಮಿತಿ 2013ರ ತನ್ನ ವರದಿಯಲ್ಲಿ ಇದನ್ನು ಕಟುವಾಗಿ ಖಂಡಿಸಿತು.

ಅದೇ 2010ರಲ್ಲಿ ದೇಶದ ಹಲವು ಕೇಂದ್ರಗಳಲ್ಲಿ ನಡೆಯುತ್ತಿದ್ದ ಇನ್ನೊಂದು ಅಧ್ಯಯನವೂ ನಡುವೆ ನಿಂತುಹೋಯಿತು. ಎರಡು ಮೂರು ಡೋಸ್ ಪಡೆಯಬೇಕಿದ್ದ ಸಾವಿರಾರು ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತ್ತು. ಸಂಶೋಧಕರು ಅವರನ್ನು ಕೈಬಿಡದೆ ಹತ್ತು ವರ್ಷ ಹಿಂಬಾಲಿಸಿದರು. 16 ಮತ್ತು 18ನೇ ಬಗೆಯ ವೈರಸ್ ದೇಹದಲ್ಲಿ ನೆಲೆಯೂರದಂತೆ ಒಂದು ಡೋಸ್ ಕೂಡ ಶೇ 95ರಷ್ಟು ರಕ್ಷಣೆ ಕೊಟ್ಟಿತ್ತು. 2021ರಲ್ಲಿ ಪ್ರಕಟವಾದ ಈ ಭಾರತೀಯ ಫಲಿತಾಂಶ ಒಂದು ಡೋಸ್ ಸಾಕಾಗಬಹುದು ಎಂಬ ಇಂದಿನ ನಿಲುವಿಗೆ ಆಧಾರವಾದ ಅಧ್ಯಯನಗಳಲ್ಲಿ ಒಂದು. ಲಸಿಕೆ ತನ್ನ ಕೆಲಸ ಮಾಡಿತ್ತು. ಮನೆಯವರನ್ನು ಕೇಳುವ ಕೆಲಸ ಆಗಿರಲಿಲ್ಲ. ಅದರ ಬೆಲೆಯನ್ನು ದೇಶ ವರ್ಷಗಟ್ಟಲೆ ತೆತ್ತಿತು, ಅನುಮಾನ ಇಂದಿಗೂ ಪೂರ್ತಿ ಹೋಗಿಲ್ಲ.

ಬಡ ಕುಟುಂಬಕ್ಕೆ ಫೀಸಿನ ಹಣ ಎಷ್ಟು ಮುಖ್ಯ ಎಂಬುದು ನಮಗೆ ಗೊತ್ತು. ಆ ಹಣವನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಒಪ್ಪಿಗೆ ಪತ್ರ ಚಾಚಿದರೆ ಬರುವ ಸಹಿಯನ್ನು ಒಪ್ಪಿಗೆ ಎನ್ನಲಾಗದು. ಆದ್ದರಿಂದ ಪೋಷಕರಿಗೆ ನಮ್ಮ ಭರವಸೆ ಇದು: ನಿಮ್ಮ ಮಗಳಿಗೆ ಲಸಿಕೆ ಹಾಕಿಸಿದ್ದೀರೋ ಇಲ್ಲವೋ ಎಂಬುದನ್ನು ಈ ಟ್ರಸ್ಟ್ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಕೇಳುವುದಿಲ್ಲ. ಈಗಲೂ ಇಲ್ಲ, ಮುಂದೆಯೂ ಇಲ್ಲ. ಹಾಕಿಸಬೇಕೆಂಬುದು ನಮ್ಮ ಸ್ಪಷ್ಟ ಸಲಹೆ. ತೀರ್ಮಾನ ನಿಮ್ಮದು. ತೀರ್ಮಾನಕ್ಕೆ ಬೇಕಾದ ಉತ್ತರಗಳನ್ನು ಕೊಡುವ ಹೊಣೆ ನಮ್ಮದು.

ಹೀಗೆ ಉತ್ತರ ಕೊಡುವುದರಿಂದ ಕೆಲಸ ಆಗುತ್ತದೆಯೇ ಎಂದು ಸಂದೇಹಪಡುವವರಿಗೆ ಪೋಲಿಯೊದ ನೆನಪು ಸಾಕು. ಎರಡು ದಶಕಗಳ ಹಿಂದೆ ಪಶ್ಚಿಮ ಉತ್ತರಪ್ರದೇಶದ ಮುಸ್ಲಿಂ ಮೊಹಲ್ಲಾಗಳಲ್ಲಿ 'ಹನಿ ಹಾಕಿಸಿದರೆ ಮಕ್ಕಳಾಗುವುದಿಲ್ಲ' ಎಂಬ ಇದೇ ಮಾತು ಹರಡಿತ್ತು, ಬಾಗಿಲುಗಳು ಮುಚ್ಚುತ್ತಿದ್ದವು. ಆಗ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯ, ಜಾಮಿಯಾ ಮಿಲ್ಲಿಯಾ, ಜಾಮಿಯಾ ಹಮ್‌ದರ್ದ್‌ನಂಥ ಸಂಸ್ಥೆಗಳು ಕೈಜೋಡಿಸಿದವು. ಮಸೀದಿಗಳ ಇಮಾಮರು ಮಾತಾಡಿದರು. ಎಲ್ಲಕ್ಕಿಂತ ಮುಖ್ಯವಾಗಿ ಅದೇ ಬೀದಿಯ ಹೆಂಗಸರು ತರಬೇತಿ ಪಡೆದು ಮನೆ ಮನೆಗೆ ಹೋದರು, ಬೈಸಿಕೊಂಡರು, ಮತ್ತೆ ಹೋದರು. ದೇಶದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡಿತು. 2014ರ ಮಾರ್ಚ್ 27ರಂದು ಭಾರತ ಪೋಲಿಯೊ ಮುಕ್ತ ಎಂದು ಘೋಷಣೆಯಾಯಿತು.

ಇನ್ನು ತಾಯಂದಿರ ವಿಷಯ. ಮಗಳಿಗೆ ಲಸಿಕೆಯಾದರೆ ಅಮ್ಮನಿಗೆ ತಪಾಸಣೆ. ಲಸಿಕೆ ಪಡೆದವರೂ ಮುಂದೆ ತಪಾಸಣೆ ಮಾಡಿಸಿಕೊಳ್ಳಬೇಕು, ಏಕೆಂದರೆ ಲಸಿಕೆ ಎಲ್ಲ ಬಗೆಯ ವೈರಸ್ಸುಗಳನ್ನೂ ತಡೆಯುವುದಿಲ್ಲ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು ಅಲ್ಲಿನ ಕೊಳೆಗೇರಿಗಳಲ್ಲಿ ದೊಡ್ಡ ಅಧ್ಯಯನ ನಡೆಸಿದರು. ಹತ್ತನೇ ತರಗತಿ ಓದಿದ ಸ್ಥಳೀಯ ಹೆಂಗಸರಿಗೆ ನಾಲ್ಕು ವಾರ ತರಬೇತಿ ಕೊಟ್ಟರು. ಗರ್ಭಕೊರಳಿಗೆ ವಿನೆಗರ್‌ನಂಥ ತೆಳು ದ್ರಾವಣ ಸವರಿ, ಬಿಳಿ ಕಲೆ ಕಾಣುತ್ತದೆಯೇ ಎಂದು ಕಣ್ಣಿನಿಂದ ನೋಡುವ ಸರಳ ಪರೀಕ್ಷೆ ಅದು. ಆ ಹೆಂಗಸರು ತಪಾಸಣೆ ಮಾಡಿದ ಕಡೆ ಈ ಕ್ಯಾನ್ಸರ್‌ನ ಸಾವುಗಳು ಶೇ 31ರಷ್ಟು ಕಡಿಮೆಯಾದವು ಎಂದು 2013ರಲ್ಲಿ ಪ್ರಕಟಿಸಿದರು. ನಮ್ಮ ರಾಷ್ಟ್ರೀಯ ಮಾರ್ಗಸೂಚಿಯಲ್ಲೂ 30ರಿಂದ 65 ವರ್ಷದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆ ಮಾಡಬೇಕೆಂದಿದೆ. ಮುಟ್ಟಿನ ನಡುವೆ ರಕ್ತಸ್ರಾವ, ಮುಟ್ಟು ನಿಂತ ಮೇಲೆ ರಕ್ತ ಕಾಣುವುದು, ಸಂಪರ್ಕದ ನಂತರ ರಕ್ತ, ದುರ್ವಾಸನೆಯ ಬಿಳಿಸೆರಗು, ಇವುಗಳಲ್ಲಿ ಯಾವುದು ಕಂಡರೂ ವಯಸ್ಸು ನೋಡದೆ ವೈದ್ಯರ ಬಳಿ ಹೋಗಬೇಕು.

ಇಷ್ಟೆಲ್ಲ ಹೇಳಿದ ಮೇಲೆ ನಾವು ಮಾಡಹೊರಟಿರುವುದು ಏನೆಂದು ತಿಳಿಸುತ್ತೇವೆ. ನಮ್ಮ ನೆರವಿನಿಂದ ಆರೋಗ್ಯ ಕೋರ್ಸ್‌ಗಳನ್ನು ಓದುತ್ತಿರುವ ಎಲ್ಲ ವಿದ್ಯಾರ್ಥಿ ವಿದ್ಯಾರ್ಥಿನಿಯರಿಗೆ ಈ ವರ್ಷ ಒಂದು ದಿನದ ತರಬೇತಿ ನಡೆಸುತ್ತೇವೆ. ಬೆಳಿಗ್ಗೆ ಸ್ತ್ರೀರೋಗ ತಜ್ಞರಿಂದ ಮತ್ತು ಮಕ್ಕಳ ವೈದ್ಯರಿಂದ ಪಾಠ. ಮಧ್ಯಾಹ್ನ ಪ್ರಶ್ನೋತ್ತರದ ಅಭ್ಯಾಸ: ಒಬ್ಬರು ತಾಯಿ, ಒಬ್ಬರು ತಂದೆ, ಒಬ್ಬರು ನರ್ಸ್ ಆಗಿ ಎದುರೆದುರು ಕೂತು ಮಾತಾಡಬೇಕು. ಕೇಳುವವರು ಸುಲಭವಾಗಿ ಒಪ್ಪಬಾರದು ಎಂಬುದೇ ಅದರ ನಿಯಮ. ಕನ್ನಡ, ಉರ್ದು, ಬ್ಯಾರಿ ಮಾತಾಡುವವರು ತಮ್ಮ ತಮ್ಮ ಮನೆಮಾತಿನಲ್ಲೇ ಅಭ್ಯಾಸ ಮಾಡಲಿ. ಇಂಗ್ಲಿಷಿನಲ್ಲಿ ಕಲಿತ ಪಾಠವನ್ನು ಅಡುಗೆ ಮನೆಯಲ್ಲಿ ಹೇಳಲು ಬಾರದಿದ್ದರೆ ಕಲಿತೂ ಪ್ರಯೋಜನವಿಲ್ಲ. ಗಂಡುಮಕ್ಕಳೂ ಬರಬೇಕು. ಮೆಡಿಕಲ್ ಶಾಪಿನಲ್ಲಿ ನಿಲ್ಲುವವರು ಹೆಚ್ಚಾಗಿ ಅವರೇ, ಮನೆಯಲ್ಲಿ ಕೊನೆಯ ಮಾತು ಹೇಳುವುದೂ ಎಷ್ಟೋ ಕಡೆ ತಂದೆಯೇ.

ದಾನಿಗಳಲ್ಲಿ ನಮ್ಮ ಬೇಡಿಕೆ ದೊಡ್ಡದೇನಲ್ಲ. ತರಬೇತಿಯ ದಿನದ ಊಟ ಮತ್ತು ಪ್ರಯಾಣ, ಸರಳ ಭಾಷೆಯ ಮಾಹಿತಿ ಕಾರ್ಡುಗಳ ಮುದ್ರಣ, ತಪಾಸಣೆಗೆ ಹೋಗುವ ತಾಯಂದಿರಿಗೆ ವಾಹನ, ಲಸಿಕೆ ಹಾಕಿಸಬೇಕೆಂದು ತಾವೇ ತೀರ್ಮಾನಿಸಿ ಹಣವಿಲ್ಲದೆ ಹಿಂಜರಿಯುವ ಕುಟುಂಬಗಳಿಗೆ ಸಹಾಯ. ಇವಕ್ಕೆ ಸದಖಾ ಮತ್ತು ಸಾಮಾನ್ಯ ದೇಣಿಗೆಯನ್ನು ಮಾತ್ರ ಬಳಸುತ್ತೇವೆ. ಝಕಾತ್ ಹಣ ಎಂದಿನಂತೆ ಪ್ರತ್ಯೇಕ ಖಾತೆಯಲ್ಲಿ ಅದರ ಹಕ್ಕುದಾರರಿಗೇ ಹೋಗುತ್ತದೆ. ಲೆಕ್ಕ ಮುಂದಿನ ವಾರ್ಷಿಕ ವರದಿಯಲ್ಲಿ ನಿಮ್ಮ ಕೈ ಸೇರುತ್ತದೆ.

ಮಕ್ಕಳೇ, ನಿಮ್ಮ ಓದಿಗೆ ಈ ಸಭೆಯಲ್ಲಿರುವ ಎಷ್ಟೋ ಜನರ ದುಡಿಮೆ ಸೇರಿದೆ. ಹಣ ಹಿಂತಿರುಗಿಸಿ ಎಂದು ಯಾರೂ ನಿಮ್ಮನ್ನು ಕೇಳುವುದಿಲ್ಲ. ನಿಮ್ಮ ಬೀದಿಯ ತಾಯಿಯೊಬ್ಬಳು ಬಂದು ಪ್ರಶ್ನೆ ಕೇಳಿದಾಗ ಕೂರಿಸಿ, ನೀರು ಕೊಟ್ಟು, ಗೊತ್ತಿದ್ದಷ್ಟನ್ನು ಸರಿಯಾಗಿ ಹೇಳಿ. ತರಬೇತಿಯ ದಿನಾಂಕವನ್ನು ಕಚೇರಿಯಿಂದ ನಿಮ್ಮ ಮೊಬೈಲಿಗೆ ತಿಳಿಸುತ್ತಾರೆ. ಹೊರಡುವ ಮೊದಲು ಹೊರಗಿನ ಮೇಜಿನ ಬಳಿ ಹೆಸರು ಬರೆಸಿ ಹೋಗಿ.

ನಮ್ಮ ತಾಯಂದಿರಿಗೂ ಹೆಣ್ಣುಮಕ್ಕಳಿಗೂ ಅಲ್ಲಾಹನು ಆರೋಗ್ಯ ಕರುಣಿಸಲಿ, ಕಾಯಿಲೆಯಲ್ಲಿರುವವರಿಗೆ ಶಿಫಾ ನೀಡಲಿ, ದಾನಿಗಳ ದಾನವನ್ನು ಸ್ವೀಕರಿಸಲಿ. ಆಮೀನ್.